ಕೊಡಗಿನ ಗಡಿಬೆಟ್ಟಗಳಿಗೆ ಹೊರಟಿದ್ದೀರಾ? ವಾಪಸ್ ಬರುವ ದಾರಿಯಿಂದ ಲೆಕ್ಕ ಶುರು ಮಾಡಿ

ರಾಜಾಸೀಟು, ಅಬ್ಬಿ ಜಲಪಾತ, ದುಬಾರೆ ಎಂದು ಪಟ್ಟಿ ಹಿಡಿದು ಬರುವವರಿಗೆ ಈ ಬರಹ ಬೇಕಾಗಿಲ್ಲ. ಅಲ್ಲೆಲ್ಲ ದಾರಿ ಚೆನ್ನಾಗಿದೆ, ಜನ ಇರುತ್ತಾರೆ, ಫೋನ್ ಸಿಗುತ್ತದೆ. ನಾನು ಹೇಳಲು ಹೊರಟಿರುವುದು ಜಿಲ್ಲೆಯ ಅಂಚಿನ ಬಗ್ಗೆ. ಪಶ್ಚಿಮಕ್ಕೂ ದಕ್ಷಿಣಕ್ಕೂ ಕೊಡಗು ಮುಗಿದು ದಕ್ಷಿಣ ಕನ್ನಡ, ಕಾಸರಗೋಡು, ಕಣ್ಣೂರು, ವಯನಾಡು ಶುರುವಾಗುವ ಕಡೆ. ಅಲ್ಲಿ ಬೆಟ್ಟ ಕಡಿದಾಗಿ ಇಳಿಯುತ್ತದೆ. ಕಾಡು ದಟ್ಟ, ಮಳೆ ಜೋರು, ಮನೆಗಳು ದೂರ ದೂರ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಎಂಬ ಮೂರು ವನ್ಯಧಾಮಗಳೂ ಈ ಅಂಚಿನಲ್ಲೇ ಇವೆ. ತಡಿಯಂಡಮೋಳ್ ಬೆಟ್ಟ ಕೂಡ ಈ ಸಾಲಿನದೇ.

ಇಲ್ಲಿ ತೊಂದರೆಗೆ ಸಿಕ್ಕಿಕೊಂಡವರ ಕಥೆ ಕೇಳಿ ನೋಡಿ. ಬೆಟ್ಟ ಹತ್ತುವಾಗ ಏನೂ ಆಗಿರುವುದಿಲ್ಲ. ಹೋಗುವಾಗ ಬಿಸಿಲು, ನಗು, ಫೋಟೊ. ಪೇಚಾಟ ಎಲ್ಲ ಬರುವಾಗ. ಸಂಜೆ ಮಂಜು ಇಳಿದಿರುತ್ತದೆ, ರಸ್ತೆಗೆ ಮರ ಬಿದ್ದಿರುತ್ತದೆ, ತಿರುವಿನಲ್ಲಿ ಆನೆ ನಿಂತಿರುತ್ತದೆ. ಅದಕ್ಕೇ ಕೆಳಗೆ ಹೇಳಿರುವ ಪ್ರತಿ ಹೆಜ್ಜೆಯಲ್ಲೂ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಎಷ್ಟು ಹೊತ್ತಿಗೆ, ಯಾವ ದಾರಿಯಲ್ಲಿ ವಾಪಸ್?

ಹೆಜ್ಜೆ 1: ಯಾವ ಘಾಟಿ ಎಂದು ತೀರ್ಮಾನಿಸಿ

ಗಡಿ ದಾಟುವ ಮುಖ್ಯ ದಾರಿಗಳು ನಾಲ್ಕು. ನಾಲ್ಕರ ಸ್ವಭಾವವೂ ಬೇರೆ ಬೇರೆ.

ಮೊದಲನೆಯದು ಮಡಿಕೇರಿಯಿಂದ ಮದೆನಾಡು, ಜೋಡುಪಾಲ, ಕೊಯನಾಡು ಮೇಲೆ ಸಂಪಾಜೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 275. ಅಗಲ ರಸ್ತೆ, ರಾತ್ರಿಯೂ ಲಾರಿ ಬಸ್ಸು ಓಡಾಡುತ್ತವೆ. ಹೆದ್ದಾರಿ ಅಂತ ಮೈಮರೆಯಬೇಡಿ ಅಷ್ಟೇ. 2018ರ ಆಗಸ್ಟ್‌ನಲ್ಲಿ ಇದೇ ರಸ್ತೆ ಕೊಚ್ಚಿಹೋಗಿ ವಾರಗಟ್ಟಲೆ ಬಂದ್ ಆಗಿತ್ತು. 2024ರ ಜುಲೈನಲ್ಲಿ ಮದೆನಾಡಿನ ಕರ್ತೋಜಿ ಹತ್ತಿರ ಗುಡ್ಡ ಜರುಗುವ ಭಯದಿಂದ ಕೆಲವು ದಿನ ರಾತ್ರಿ ಸಂಚಾರ ನಿಲ್ಲಿಸಿದ್ದರು.

ಎರಡನೆಯದು ಮಾಕುಟ್ಟ ಘಾಟಿ. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ, ಮಾಕುಟ್ಟದ ಮೂಲಕ ಕೂಟುಪುಳ ಸೇತುವೆಗೆ ಇಳಿದರೆ ಆಚೆ ಇರಿಟ್ಟಿ, ಮುಂದೆ ಕಣ್ಣೂರು. ದಾರಿಯ ಚೆಲುವು ನೋಡಿದರೆ ನಾಲ್ಕರಲ್ಲಿ ಇದಕ್ಕೇ ಮೊದಲ ಸ್ಥಾನ, ನನ್ನ ಮಟ್ಟಿಗೆ. ಎರಡೂ ಕಡೆ ಹಸಿರು ಕಾಡು, ತಿರುವಿಗೊಂದು ತೊರೆ. ಆದರೆ ಘಾಟಿ ಶುರುವಾದ ಮೇಲೆ ಅಂಗಡಿ ಇಲ್ಲ, ಮನೆ ಇಲ್ಲ, ಬಹಳ ದೂರ ನೆಟ್‌ವರ್ಕ್ ಇಲ್ಲ. 2018ರ ಜೂನ್‌ನಲ್ಲೇ, ಅಂದರೆ ಆಗಸ್ಟ್‌ನ ಆ ದೊಡ್ಡ ಅನಾಹುತಕ್ಕೂ ಮೊದಲೇ, ಇಲ್ಲಿ ಹಲವು ಕಡೆ ಬರೆ, ಅಂದರೆ ರಸ್ತೆ ಪಕ್ಕದ ಕಡಿದಾದ ಮಣ್ಣಿನ ಗೋಡೆ, ಕುಸಿದು ರಸ್ತೆ ಮುಚ್ಚಿತ್ತು. ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ಈ ದಾರಿಯಲ್ಲಿ ಆಗಾಗ ನಿಷೇಧ ಹಾಕುತ್ತಾರೆ.

ಮೂರನೆಯದು ಭಾಗಮಂಡಲದಿಂದ ಕರಿಕೆ, ಅಲ್ಲಿಂದ ಪಾಣತ್ತೂರು. ಆಚೆ ಕಾಞಂಗಾಡ್‌ಗೂ ಹೋಗಬಹುದು, ಸುಳ್ಯಕ್ಕೂ ತಿರುಗಬಹುದು. ರಸ್ತೆ ಕಿರಿದು. ಎದುರಿಂದ ಬಸ್ಸು ಬಂದರೆ ಒಬ್ಬರು ಹಿಂದಕ್ಕೆ ಹೋಗಲೇಬೇಕು. ಹಿಂದಕ್ಕೆ ಹೋಗಬೇಕಾದವರು ಸಾಮಾನ್ಯವಾಗಿ ನೀವೇ! ಘಾಟಿಯಲ್ಲಿ ರಿವರ್ಸ್ ತೆಗೆದು ಅಭ್ಯಾಸ ಇಲ್ಲದವರು ಈ ದಾರಿ ಹಿಡಿಯಬೇಡಿ. ಸುಮ್ನೆ ಹೆದರಿಸುತ್ತಿಲ್ಲ. ಪಟ್ಟಿಘಾಟ್ ಕಾಡಿನ ಒಳಗೆ ಗಾಡಿ ಕೆಟ್ಟರೆ ಮೆಕ್ಯಾನಿಕ್ ಬರುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ.

ನಾಲ್ಕನೆಯದು ಕುಟ್ಟದಿಂದ ತೋಲ್ಪೆಟ್ಟಿ ಮೇಲೆ ಮಾನಂದವಾಡಿಗೆ ಹೋಗುವ ದಾರಿ. ಇಲ್ಲಿ ಇಳಿಜಾರು ಕಡಿಮೆ, ಬರೆ ಕುಸಿತದ ಭಯವೂ ಕಡಿಮೆ. ಭಯ ಏನಿದ್ದರೂ ಆನೆಯದು. ಪಕ್ಕದಲ್ಲೇ ನಾಗರಹೊಳೆ, ಆಚೆ ವಯನಾಡು ವನ್ಯಧಾಮ. ಹುಣಸೂರಿನಿಂದ ನಾಗರಹೊಳೆ ಕಾಡಿನೊಳಗೆ ಕುಟ್ಟಕ್ಕೆ ಬರುವ ರಸ್ತೆಯ ಗೇಟು ಸಂಜೆ 6ಕ್ಕೆ ಮುಚ್ಚಿದರೆ ಬೆಳಿಗ್ಗೆ 6ಕ್ಕೇ ತೆರೆಯುವುದು. ಐದೂವರೆಗೆ ಗೇಟಿಗೆ ಬಂದು ವಾದ ಮಾಡಬೇಡಿ. ಒಳಗೆ ಹೊಕ್ಕ ಮೇಲೆ ಆಚೆ ತಲುಪಲೂ ಹೊತ್ತು ಬೇಕಲ್ವಾ?

ಹೋಗುವುದು ಒಂದು ದಾರಿಯಾದರೆ, ಅದು ಮುಚ್ಚಿದಾಗ ಬರಲು ಇನ್ನೊಂದು ಯಾವುದು ಎಂದು ಈಗಲೇ ಬರೆದಿಟ್ಟುಕೊಳ್ಳಿ. ಮಾಕುಟ್ಟದಲ್ಲಿ ಇಳಿದವರಿಗೆ ಇರಿಟ್ಟಿಯಿಂದ ಮಾನಂದವಾಡಿ, ಕುಟ್ಟದ ಮೇಲೆ ಹತ್ತುವ ದಾರಿ ಇದೆ, ಸುತ್ತು ಜಾಸ್ತಿ. ಸಂಪಾಜೆ ಮುಚ್ಚಿದರೆ ಸುಳ್ಯದಿಂದ ಪಾಣತ್ತೂರು, ಕರಿಕೆ ಮೇಲೆ ಬರಬಹುದು. ಆದರೆ ಸಂಪಾಜೆ ಮುಚ್ಚುವಷ್ಟು ಮಳೆ ಇದ್ದ ದಿನ ಕರಿಕೆಯೂ ನೆಟ್ಟಗಿರುವುದಿಲ್ಲ. ಅಂಥ ದಿನ ಕೆಳಗೇ ರೂಮ್ ಮಾಡಿ ಮಲಗುವುದು ಜಾಣತನ. ಒಂದು ರಾತ್ರಿಗೆ ಆಗುವಷ್ಟು ಹಣ ಅದಕ್ಕೇ ಅಂತ ಎತ್ತಿಡಿ.

ಹೆಜ್ಜೆ 2: ತಿಂಗಳು ನೋಡಿ, ಆಮೇಲೆ ಆಕಾಶ ನೋಡಿ

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ತುಲಾ ಸಂಕ್ರಮಣದ ಹೊತ್ತಿಗೆ, ಅಂದರೆ ಅಕ್ಟೋಬರ್ 17ರ ಆಸುಪಾಸು, ತಲಕಾವೇರಿಯಲ್ಲಿ ತೀರ್ಥೋದ್ಭವ. ಆಗ ಭಾಗಮಂಡಲ ರಸ್ತೆಯಲ್ಲಿ ಗಾಡಿಗಳ ಸಾಲು. ಭಕ್ತಿಗೆ ಬರುವವರು ಬರಲಿ, ಬೆಟ್ಟ ನೋಡಲು ಬರುವವರು ಆ ವಾರ ಬಿಡಿ.

ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಿದ್ದರೆ ಕಾಫಿ ತೋಟಗಳು ಬೆಳ್ಳಗಾಗುತ್ತವೆ, ನೋಡಲು ಚೆನ್ನ. ಆದರೆ ಬೆಟ್ಟದ ಹುಲ್ಲು ಒಣಗಿರುತ್ತದೆ. ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚು. ಬೋಳು ಬೆಟ್ಟದ ನೆತ್ತಿಯ ಮೇಲೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ.

ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕೊಡವರ ಕಕ್ಕಡ ತಿಂಗಳು. ಗದ್ದೆ ಕೆಲಸ ಬಿಟ್ಟರೆ ಊರವರೇ ಬೇರೆಲ್ಲೂ ಹೆಚ್ಚು ಓಡಾಡದ ಕಾಲ ಅದು. ಈಚಿನ ವರ್ಷಗಳ ದೊಡ್ಡ ಅನಾಹುತಗಳನ್ನು ಸಾಲಾಗಿ ಇಟ್ಟು ನೋಡಿ. 2018ರ ಆಗಸ್ಟ್ ನಡುವಿನಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಕಾಲೂರು, ಹಟ್ಟಿಹೊಳೆ. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ. 2020ರ ಆಗಸ್ಟ್‌ನಲ್ಲಿ ತಲಕಾವೇರಿ, ಅಲ್ಲಿನ ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. ಮೂರೂ ಆಗಸ್ಟ್. ಕಾರಣ ಕಷ್ಟದ್ದೇನಲ್ಲ. ಜೂನ್, ಜುಲೈ ಮಳೆಗೆ ಮಣ್ಣು ನೀರು ಕುಡಿದು ತುಂಬಿರುತ್ತದೆ. ಅದರ ಮೇಲೆ ನಾಲ್ಕೈದು ದಿನ ಬಿಡದೆ ಹೊಡೆದರೆ ನೀರಿಗೆ ಒಳಗೆ ಜಾಗ ಇರುವುದಿಲ್ಲ. ರಸ್ತೆಗೋ ಕಟ್ಟಡಕ್ಕೋ ಬೆಟ್ಟದ ಬುಡ ಕತ್ತರಿಸಿದ ಕಡೆ, ನೀರಿನ ಹಳೆಯ ದಾರಿ ಮುಚ್ಚಿದ ಕಡೆ, ಅದು ಮಣ್ಣು ಮರ ಎಲ್ಲವನ್ನೂ ಎಳೆದುಕೊಂಡು ಹೊರಗೆ ಬರುತ್ತದೆ. ಇಲ್ಲಿಯ ಪತ್ರಿಕೆಗಳಲ್ಲಿ ಜಲಸ್ಫೋಟ ಎಂದು ಓದುತ್ತೀರಲ್ಲ, ಅದು ಇದೇ.

ಹಾಗಾಗಿ ಇವತ್ತಿನ ಮಳೆ ಒಂದನ್ನೇ ನೋಡಿದರೆ ಸಾಲದು. ಹಿಂದಿನ ಒಂದು ವಾರ ಎಷ್ಟು ಹೊಯ್ದಿದೆ ಎಂದು ವಿಚಾರಿಸಿ. ವಾರವಿಡೀ ಸುರಿದು ಇವತ್ತು ಬಿಸಿಲು ಬಿದ್ದರೂ ಬರೆ ಜರುಗಬಹುದು.

ಹವಾಮಾನ ಇಲಾಖೆಯ ಲೆಕ್ಕ ಹೀಗಿದೆ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5 ಮೀರಿದರೆ ಅದಕ್ಕೂ ಮೇಲಿನದು. ಬಣ್ಣದ ಎಚ್ಚರಿಕೆಯಲ್ಲಿ ಹಳದಿ ಇದ್ದರೆ ಕಣ್ಣಿಟ್ಟಿರಿ. ಕಿತ್ತಳೆ ಇದ್ದರೆ ಘಾಟಿ ಬೇಡ. ಕೆಂಪು ಇದ್ದರೆ ಇದ್ದಲ್ಲಿಂದ ಹೊರಡಲೇಬೇಡಿ. ರಾಜ್ಯದ ವರುಣಮಿತ್ರ ಸಹಾಯವಾಣಿ 92433 45433ಕ್ಕೆ ಫೋನ್ ಮಾಡಿದರೆ ನೀವು ಹೋಗುವ ಹೋಬಳಿಯ ಮಳೆ ಮಾಹಿತಿ ಕನ್ನಡದಲ್ಲೇ ಹೇಳುತ್ತಾರೆ. ಇದೆಲ್ಲಕ್ಕಿಂತ ಸುಲಭದ ಗುರುತು ಇನ್ನೊಂದಿದೆ. ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಕೊಟ್ಟಿದ್ದಾರಾ? ಕೊಟ್ಟಿದ್ದರೆ ನೀವೂ ರಜೆ ಮಾಡಿ.

ಕುಶಾಲನಗರದಲ್ಲಿ ಬಿಸಿಲು ನೋಡಿ ಭಾಗಮಂಡಲಕ್ಕೆ ಹೊರಡುವವರು ಬಹಳ. ಒಂದೇ ಜಿಲ್ಲೆಯಾದರೂ ಪೂರ್ವದ ಮಳೆಗೂ ಪಶ್ಚಿಮದ ಮಳೆಗೂ ಸಂಬಂಧವೇ ಇಲ್ಲ. ಭಾಗಮಂಡಲದ ತ್ರಿವೇಣಿ ಸಂಗಮ ತುಂಬಿದರೆ ನಾಪೋಕ್ಲು ಕಡೆಯ ರಸ್ತೆಗೆ ನೀರು ಬರುತ್ತದೆ. ಮೂರ್ನಾಡು–ವಿರಾಜಪೇಟೆ ನಡುವೆ ಬೇತ್ರಿ ಸೇತುವೆಯ ಬಳಿ ಕಾವೇರಿ ಎಷ್ಟು ಏರಿದ್ದಾಳೆ ಎಂದು ಕೇಳಿಕೊಂಡೇ ಆ ಕಡೆ ಹೊರಡಿ.

ಹೆಜ್ಜೆ 3: ಅನುಮತಿ, ಕಾಗದ ಪತ್ರ

ಬೆಟ್ಟ ಹತ್ತುವುದಾದರೆ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಿಸಿ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಬುಕಿಂಗ್ ಕಟ್ಟುನಿಟ್ಟಾಗಿದೆ, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಬಂದಿದೆ. ಟಿಕೆಟ್ ಇಲ್ಲದೆ ಬೆಳಗಿನ ಜಾವ ಗೇಟಿಗೆ ಬಂದು ನಿಂತರೆ ವಾಪಸ್ ಕಳಿಸುತ್ತಾರೆ. ಮಳೆಗಾಲದಲ್ಲಿ ಹೆಚ್ಚಿನ ಚಾರಣ ಮುಚ್ಚಿರುತ್ತವೆ.

ಇಲ್ಲೊಂದು ಗೊಂದಲ ಮೊದಲೇ ಬಿಡಿಸಿಬಿಡುತ್ತೇನೆ. ಕೊಡಗಿನಲ್ಲಿ ಬ್ರಹ್ಮಗಿರಿ ಎರಡಿವೆ. ತಲಕಾವೇರಿ ದೇವಸ್ಥಾನದ ಮೇಲೆ ಇರುವುದು ಒಂದು. ದಕ್ಷಿಣದಲ್ಲಿ ಇರ್ಪು ಜಲಪಾತದ ಮೇಲೆ, ವಯನಾಡಿನ ಗಡಿಯಲ್ಲಿ, ಸುಮಾರು 1,600 ಮೀಟರ್ ಎತ್ತರಕ್ಕೆ ನಿಂತಿರುವುದು ಇನ್ನೊಂದು. ಎರಡರ ನಡುವೆ ಅರ್ಧ ಜಿಲ್ಲೆಯೇ ಇದೆ. ಮ್ಯಾಪ್‌ನಲ್ಲಿ ಹೆಸರು ಒತ್ತಿ ಹೊರಟವರು ತಪ್ಪು ಬೆಟ್ಟದ ಬುಡಕ್ಕೆ ಬಂದು ನಿಲ್ಲುತ್ತಾರೆ. ಇರ್ಪು ಕಡೆಯ ಬ್ರಹ್ಮಗಿರಿ ವನ್ಯಧಾಮದ ಒಳಗಿದೆ. ಅರಣ್ಯ ಇಲಾಖೆಯ ಅನುಮತಿ ಮತ್ತು ಮಾರ್ಗದರ್ಶಿ ಎರಡೂ ಇಲ್ಲದೆ ಹತ್ತುವ ಹಾಗಿಲ್ಲ. ಶ್ರೀಮಂಗಲ ವಲಯ ಕಚೇರಿಯಲ್ಲಿ ವಿಚಾರಿಸಿ.

ಗಡಿ ದಾಟುವವರಿಗೆ ಪಾಸ್‌ಪೋರ್ಟ್ ಏನೂ ಬೇಡ, ನಿಜ. ಆದರೆ ಆಧಾರ್, ಗಾಡಿ ಆರ್‌ಸಿ, ವಿಮೆ, ಹೊಗೆ ತಪಾಸಣೆ ಚೀಟಿ ಕೈಯಲ್ಲಿರಲಿ. ನೆಟ್‌ವರ್ಕ್ ಇಲ್ಲದ ಚೆಕ್‌ಪೋಸ್ಟ್‌ನಲ್ಲಿ ಡಿಜಿಲಾಕರ್ ತೆರೆಯುವುದಿಲ್ಲ. ಹಳದಿ ಬೋರ್ಡ್ ಗಾಡಿ ಮಾಡಿಕೊಂಡು ಹೋಗುವವರು ಕೇರಳದ ತೆರಿಗೆ, ಪರ್ಮಿಟ್ ಕಟ್ಟಿದೆಯೇ ಎಂದು ಚಾಲಕರನ್ನು ಮಡಿಕೇರಿಯಲ್ಲೇ ಕೇಳಿ. ಆಚೆ ನಿಫಾ ಮುಂತಾದ ಜ್ವರದ ಸುದ್ದಿ ಇದ್ದಾಗ ಗಡಿಯಲ್ಲಿ ತಪಾಸಣೆ ಹೆಚ್ಚುತ್ತದೆ. ಒಂದು ಕಾಲದಲ್ಲಿ ಈ ಕಾಡುಗಳಲ್ಲಿ ನಕ್ಸಲರ ಓಡಾಟ, ಪೊಲೀಸರ ಶೋಧ ಎರಡೂ ಇದ್ದವು. 2025ರ ಜನವರಿಯಲ್ಲಿ ಆರು ಮಂದಿ ಶರಣಾದ ಮೇಲೆ ಆ ಮಾತು ತಣ್ಣಗಾಗಿದೆ. ಆದರೂ ಗುರುತಿನ ಚೀಟಿ ಇಲ್ಲದೆ ಕಾಡಂಚಿನಲ್ಲಿ ತಿರುಗಿದರೆ ಯಾರಾದರೂ ನಿಲ್ಲಿಸಿ ಕೇಳಿಯೇ ಕೇಳುತ್ತಾರೆ.

ಹೆಜ್ಜೆ 4: ಗಾಡಿ, ಎಣ್ಣೆ, ಫೋನ್

ಪೆಟ್ರೋಲ್ ಮಡಿಕೇರಿ, ವಿರಾಜಪೇಟೆ ಅಥವಾ ಗೋಣಿಕೊಪ್ಪದಲ್ಲಿ ತುಂಬಿಸಿಕೊಳ್ಳಿ. ಬ್ರೇಕ್, ಟೈರ್, ವೈಪರ್, ಮಂಜಿನ ದೀಪ ನೋಡಿಸಿ. ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ಎಂದು ನೋಡಿ, ಎಲ್ಲರೂ ಮರೆಯುವುದು ಅದನ್ನೇ.

ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಆದರೆ ಅದನ್ನು ಪೂರ್ತಿ ನಂಬಬೇಡಿ. ತೋಟದೊಳಗಿನ ಜೀಪ್ ರಸ್ತೆಯನ್ನು ಅದು ಹತ್ತಿರದ ದಾರಿ ಎಂದು ತೋರಿಸುತ್ತದೆ. ಹೋದರೆ ತೋಟದ ಕೆಲಸಗಾರರ ಲೈನ್ ಮನೆಯ ಅಂಗಳದಲ್ಲೋ, ಸೋಲಾರ್ ಬೇಲಿಯ ಎದುರಲ್ಲೋ, ಆನೆ ಕಂದಕದ ಅಂಚಿನಲ್ಲೋ ರಸ್ತೆ ಮುಗಿಯುತ್ತದೆ. ಡಾಂಬರು ಬಿಟ್ಟು ಮಣ್ಣಿನ ದಾರಿಗೆ ಇಳಿಯುವ ಮೊದಲು ಜಂಕ್ಷನ್ನಿನ ಅಂಗಡಿಯಲ್ಲಿ ಒಂದು ಕಾಫಿ ಕುಡಿಯಿರಿ. "ಅಣ್ಣಾ, ಮುಂದೆ ದಾರಿ ಹೇಗಿದೆ?" ಎಂದು ಕೇಳಿ. "ಹೋಗಬಹುದು" ಎಂದರೆ ಹೋಗಿ. "ಹೋಗಬಹುದು, ಆದ್ರೆ..." ಎಂದು ಎಳೆದರೆ ಆ ಆದ್ರೆ ಮುಗಿಯುವವರೆಗೂ ಕೂತು ಕೇಳಿ.

ಗಡಿ ಹತ್ತಿರ ಫೋನ್ ಒಮ್ಮೆ ಕರ್ನಾಟಕದ ಟವರ್ ಹಿಡಿದರೆ ಇನ್ನೊಮ್ಮೆ ಕೇರಳದ್ದು ಹಿಡಿಯುತ್ತದೆ. ಸಿಗ್ನಲ್ ಹುಡುಕಿ ಹುಡುಕಿ ಬ್ಯಾಟರಿ ಮುಗಿಯುತ್ತದೆ. ನಡೆಯುವಾಗ ಫ್ಲೈಟ್ ಮೋಡ್‌ನಲ್ಲಿಡಿ, ಪವರ್ ಬ್ಯಾಂಕ್ ಇರಲಿ. ಗುಂಪಿನಲ್ಲಿ ಬೇರೆ ಬೇರೆ ಕಂಪನಿಯ ಸಿಮ್ ಇದ್ದರೆ ಒಳ್ಳೆಯದು.

ಇನ್ನೊಂದು ಮುಖ್ಯ. ಹೊರಡುವ ಮೊದಲು ಹೋಂಸ್ಟೇಯವರಿಗೆ ದಾರಿ ಮತ್ತು ಹೊತ್ತು ಹೇಳಿ ಹೋಗಿ. ಸಾಯಂಕಾಲ ಇಷ್ಟು ಗಂಟೆಗೆ ಬರದಿದ್ದರೆ ಇಂಥ ಕಡೆ ಹುಡುಕಿ ಎಂದು ಚೀಟಿ ಬರೆದು ಕೊಟ್ಟರೆ ಇನ್ನೂ ಒಳ್ಳೆಯದು. ಹೆಸರು, ಗಾಡಿ ನಂಬರ್, ಎಷ್ಟು ಜನ, ಯಾರಿಗಾದರೂ ಆಸ್ತಮಾ, ಸಕ್ಕರೆ ಕಾಯಿಲೆ ಇದೆಯೇ ಎಲ್ಲ ಅದರಲ್ಲಿರಲಿ.

ಹೆಜ್ಜೆ 5: ಚೀಲದಲ್ಲಿ ಏನಿರಬೇಕು

ಛತ್ರಿ ಬೇಡ, ಘಾಟಿ ಗಾಳಿಗೆ ಅದು ನಿಲ್ಲುವುದಿಲ್ಲ. ಒಳ್ಳೆಯ ರೈನ್‌ಕೋಟ್ ತನ್ನಿ. ಜೀನ್ಸ್ ಒದ್ದೆಯಾದರೆ ಭಾರ, ಒಣಗುವುದೂ ಇಲ್ಲ. ತೆಳು ಪ್ಯಾಂಟ್ ಹಾಕಿ. ತಳ ಹಿಡಿತ ಇರುವ ಶೂ, ಒಂದು ಜೊತೆ ಒಣ ಕಾಲುಚೀಲ, ತಲೆಗೆ ಕಟ್ಟುವ ಟಾರ್ಚ್, ಸೀಟಿ, ಹಗ್ಗ, ಬೆಂಕಿಪೊಟ್ಟಣ, ಬೆಲ್ಲ ಕಡಲೆ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು. ಹಗಲಿನ ಚಾರಣಕ್ಕೂ ಟಾರ್ಚ್ ಬೇಕೇ ಬೇಕು.

ಇಂಬಳದ, ಅಂದರೆ ರಕ್ತ ಹೀರುವ ಜಿಗಣೆಯ, ಬಗ್ಗೆ ಎಲ್ಲರೂ ಕೇಳುತ್ತಾರೆ. ಕೇಳಿದಷ್ಟು ಭಯಾನಕ ಅಲ್ಲ ಅದು. ಉದ್ದದ ಕಾಲುಚೀಲದೊಳಗೆ ಪ್ಯಾಂಟ್ ಸಿಕ್ಕಿಸಿ. ಉಪ್ಪು ಅಥವಾ ಹೊಗೆಸೊಪ್ಪಿನ ನೀರು ಶೂ ಮೇಲೆ ಸವರಿ, ಮಳೆ ಬಂದರೆ ಮತ್ತೆ ಸವರಬೇಕು. ಹತ್ತಿದ ಇಂಬಳವನ್ನು ರಪ್ಪನೆ ಕೀಳಬೇಡಿ, ಉಗುರಿನಿಂದ ಬಾಯಿಯ ಹತ್ತಿರ ಮೆಲ್ಲಗೆ ಜಾರಿಸಿ ಬಿಡಿಸಿ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಗಾಬರಿ ಬೇಡ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇರುತ್ತದೆ. ತೊಳೆದು ಒತ್ತಿ ಪಟ್ಟಿ ಹಾಕಿ. ಇಂಬಳಕ್ಕೆ ಹೆದರಿ ಕಾಲು ನೋಡುತ್ತಾ ನಡೆದು ಮುಂದಿನ ಕಲ್ಲಿನ ಮೇಲೆ ಜಾರಿ ಬಿದ್ದವರೇ ಜಾಸ್ತಿ.

ಹೆಜ್ಜೆ 6: ಘಾಟಿಯಲ್ಲಿ ಗಾಡಿ ಓಡಿಸುವಾಗ

ಇಳಿಯುವಾಗ ಸೆಕೆಂಡ್ ಗೇರ್, ಬೇಕಿದ್ದರೆ ಫಸ್ಟ್. ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿಯದೆ ಹೋಗುತ್ತದೆ. ಹತ್ತುವ ಗಾಡಿಗೆ ಮೊದಲು ದಾರಿ ಬಿಡಿ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಲೋ ಬೀಮ್, ನಿಧಾನ, ರಸ್ತೆಯ ಬಿಳಿ ಗೆರೆಯೇ ಗುರಿ. ಏನೂ ಕಾಣದಿದ್ದರೆ ತಿರುವು ಇಲ್ಲದ, ಅಗಲ ಇರುವ ಕಡೆ ನಿಲ್ಲಿಸಿ. ಮೇಲೆ ಎತ್ತರದ ಬರೆ ಇರಬಾರದು, ಬಾಗಿದ ಮರವೂ ಇರಬಾರದು.

ತೊರೆಯ ಕೆಳಗೆ ಗಾಡಿ ನಿಲ್ಲಿಸಿ ಫೋಟೊ ತೆಗೆಯುವ ಚಟ ಮಾಕುಟ್ಟ ರಸ್ತೆಯಲ್ಲಿ ಕಾಣುತ್ತದೆ. ಮಳೆಗಾಲದಲ್ಲಿ ಆ ತೊರೆಯ ಜೊತೆಗೇ ಕಲ್ಲು ಬರುತ್ತದೆ. ಮೇಲೆ ಎಲ್ಲೋ ಸುರಿದ ಮಳೆ ಇಲ್ಲಿ ಬಿಸಿಲಿರುವಾಗಲೂ ಇಳಿದು ಬರಬಹುದು.

ಘಾಟಿಯ ಬುಡದಿಂದ ಮೇಲಕ್ಕೆ ಹೊರಡಲು ನನ್ನ ಕೊನೆಯ ಗಡುವು ಮಧ್ಯಾಹ್ನ 3. ಸಂಜೆ 5ರೊಳಗೆ ವಿರಾಜಪೇಟೆಯಲ್ಲೋ ಭಾಗಮಂಡಲದಲ್ಲೋ ಇರಬೇಕು. ಇದು ಯಾರೂ ಮಾಡಿದ ನಿಯಮ ಅಲ್ಲ, ನನ್ನದೇ. ಇದಕ್ಕಿಂತ ತಡವಾದರೆ ಮಂಜು, ಆನೆ ಎರಡೂ ಒಟ್ಟಿಗೆ ಸಿಗುವ ಹೊತ್ತು.

ಹೆಜ್ಜೆ 7: ಆನೆ

ಕೊಡಗಿನ ಆನೆ ಕಾಡಿನಲ್ಲೇ ಇರುತ್ತದೆ ಎಂದು ಯಾರೂ ತಿಳಿಯಬೇಡಿ. ಕಾಫಿ ತೋಟವೇ ಅದಕ್ಕೆ ಹಗಲಿನ ನೆರಳು. ಹಲಸು ಹಣ್ಣಾಗುವ ಕಾಲದಲ್ಲಿ, ಭತ್ತ ಬಲಿಯುವ ಕಾಲದಲ್ಲಿ ಇನ್ನೂ ಜಾಸ್ತಿ. ಸಿದ್ದಾಪುರ, ತಿತಿಮತಿ, ಬಾಳೆಲೆ, ಶ್ರೀಮಂಗಲ, ಕುಟ್ಟ ಕಡೆ ಬೆಳಿಗ್ಗೆ ಕೆಲಸಕ್ಕೆ ಹೋಗುವವರು ಮೊದಲು ವಿಚಾರಿಸುವುದು ಆನೆ ಎಲ್ಲಿದೆ ಎಂದೇ. ಅರಣ್ಯ ಇಲಾಖೆಯ ತಂಡಗಳು, ಊರಿನ ವಾಟ್ಸ್ಆ್ಯಪ್ ಗುಂಪುಗಳು ಸುದ್ದಿ ಹರಡುತ್ತಿರುತ್ತವೆ. ಹೋಂಸ್ಟೇಯವರನ್ನು ಕೇಳಿದರೆ ಇವತ್ತಿನ ಸುದ್ದಿ ಸಿಗುತ್ತದೆ.

ಗಾಡಿಯಲ್ಲಿದ್ದಾಗ ಕಂಡರೆ ದೂರದಲ್ಲೇ ನಿಲ್ಲಿಸಿ, ನೂರು ಮೀಟರ್ ಆದರೂ ಬಿಡಿ. ಹಾರ್ನ್ ಬೇಡ, ಲೈಟ್ ಮಿನುಗಿಸುವುದು ಬೇಡ, ಎಂಜಿನ್ ರೇಸ್ ಮಾಡುವುದು ಬೇಡ, ಕೆಳಗಿಳಿದು ವೀಡಿಯೊ ಅಂತೂ ಬೇಡವೇ ಬೇಡ. ಅದು ದಾಟಿ ಹೋದ ಮೇಲೂ ಐದು ನಿಮಿಷ ಕಾಯಿರಿ. ಹಿಂದೆ ಮರಿ ಇರಬಹುದು. ತಾಯಿಗೂ ಮರಿಗೂ ನಡುವೆ ಗಾಡಿ ನುಗ್ಗಿಸಿದರೆ ಯಾರೂ ಉಳಿಸಲಾರರು. ಒಂಟಿ ಸಲಗ ರಸ್ತೆಯಲ್ಲೇ ನಿಂತಿದ್ದರೆ ಹಿಂದಕ್ಕೆ ಹೋಗಿ ಕಾಯುವುದೇ ಸರಿ. ನಿಮ್ಮ ಹಿಂದಿನ ಗಾಡಿಯವನು ಹಾರ್ನ್ ಹೊಡೆದು ಅವಸರಪಡಿಸಿದರೂ ಜಗ್ಗಬೇಡಿ.

ಬೈಕಿನವರಿಗೆ ಇದರ ದುಪ್ಪಟ್ಟು ಎಚ್ಚರ ಬೇಕು. ತಿರುವಿನಲ್ಲಿ ಆನೆ ಎದುರಾದರೆ ಬೈಕ್ ತಿರುಗಿಸಲು ಜಾಗವೂ ಇರುವುದಿಲ್ಲ, ಹೊತ್ತೂ ಇರುವುದಿಲ್ಲ. ಬೆಳಿಗ್ಗೆ 7ಕ್ಕೆ ಮೊದಲು, ಸಂಜೆ 5ರ ಮೇಲೆ ಕಾಡಂಚಿನ ರಸ್ತೆಯಲ್ಲಿ ಬೈಕ್ ಬೇಡ.

ನಡೆಯುವಾಗ ಕಿವಿ, ಮೂಗು ಎರಡೂ ಕೆಲಸ ಮಾಡಲಿ. ಬಿದಿರು ಮುರಿಯುವ ಲಟಲಟ ಸದ್ದು, ಹಬೆಯಾಡುವ ಲದ್ದಿ, ಈಗಷ್ಟೇ ಸಿಪ್ಪೆ ಎಳೆದ ಕೊಂಬೆ, ಇವು ಕಂಡರೆ ಮುಂದೆ ಹೋಗಬೇಡಿ, ಬಂದ ದಾರಿಯಲ್ಲೇ ಮೆಲ್ಲಗೆ ಹಿಂತಿರುಗಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತೋಟದಲ್ಲಿ ವಾಕಿಂಗ್ ಹೊರಡುವವರನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ.

ಹೆಜ್ಜೆ 8: ಬೆಟ್ಟದ ಮೇಲೆ

ಮೂರು ಬೆಟ್ಟಗಳನ್ನು ಜನ ಹೆಚ್ಚು ಕೇಳುತ್ತಾರೆ. ಕಕ್ಕಬ್ಬೆ ಹತ್ತಿರದ ತಡಿಯಂಡಮೋಳ್ 1,748 ಮೀಟರ್, ಜಿಲ್ಲೆಯಲ್ಲೇ ಎತ್ತರದ್ದು. ನಾಲ್ಕುನಾಡು ಅರಮನೆಯ ಪಕ್ಕದಿಂದ ದಾರಿ. ಮೊದಲ ಭಾಗ ಸುಲಭ, ದೊಡ್ಡ ಬಂಡೆ ದಾಟಿದ ಮೇಲೆ ಕಡಿದು, ನೆತ್ತಿಗೆ ಮೊದಲು ಶೋಲಾ ಕಾಡಿನ ಕತ್ತಲೆ. ಹೊಸಬರಿಗೆ ಇದು ಸಾಕು. ಪುಷ್ಪಗಿರಿ ಅಂದರೆ ಕುಮಾರಪರ್ವತ, 1,700 ಮೀಟರ್ ಮೀರಿದ್ದು. ಸುಬ್ರಹ್ಮಣ್ಯದಿಂದ ಹತ್ತುವ ದಾರಿ ಬಹಳ ಉದ್ದ, ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತುವುದು ಗಿಡ್ಡ. ಗಿಡ್ಡ ಅಂದರೆ ಸುಲಭ ಅಂತಲ್ಲ, ಬಂಡೆ ಮೇಲೆ ನೀರು ಹರಿದು ಪಾಚಿ ಕಟ್ಟಿರುತ್ತದೆ. ಇರ್ಪಿನ ಬ್ರಹ್ಮಗಿರಿ ಮೂರನೆಯದು. ಅಲ್ಲಿ ಆನೆ ಜಾಸ್ತಿ, ಜನ ಕಡಿಮೆ.

ಯಾವುದೇ ಬೆಟ್ಟವಾಗಲಿ, ಹೊರಡುವಾಗಲೇ ತಿರುಗುವ ಗಂಟೆ ನಿಗದಿ ಮಾಡಿ. ನೆತ್ತಿ ಇನ್ನೂ ಹದಿನೈದು ನಿಮಿಷ ಇದ್ದರೂ ಆ ಗಂಟೆ ಆಯಿತೆಂದರೆ ತಿರುಗಿ. ಇದನ್ನು ಗುಂಪಿನ ಎಲ್ಲರಿಗೂ ಮೊದಲೇ ಹೇಳಿ ಒಪ್ಪಿಸಿರಬೇಕು, ಅಲ್ಲಿ ನಿಂತು ಜಗಳ ಆಡಲಾಗುವುದಿಲ್ಲ. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದಿರಲಿ.

ಬೋಳು ನೆತ್ತಿಯಲ್ಲಿ ಮಂಜು ಹತ್ತು ನಿಮಿಷದಲ್ಲಿ ಕವಿಯುತ್ತದೆ. ಹುಲ್ಲಿನ ಮೇಲೆ ದನ, ಕಡವೆ ನಡೆದ ದಾರಿಗಳು ಹತ್ತಾರು ಇರುತ್ತವೆ, ಎಲ್ಲವೂ ಮನುಷ್ಯರ ದಾರಿಯ ಹಾಗೇ ಕಾಣುತ್ತವೆ. ದಾರಿ ತಪ್ಪಿದೆ ಎನಿಸಿದರೆ ಅಲ್ಲೇ ಕೂತು ಸೀಟಿ ಊದಿ. ನೀರಿನ ಸದ್ದು ಹಿಡಿದು ಹಳ್ಳದ ಉದ್ದಕ್ಕೆ ಇಳಿದರೆ ಊರು ಸಿಗುತ್ತದೆ ಎಂಬ ಮಾತು ಬಯಲುಸೀಮೆಗೆ ಸರಿ ಇರಬಹುದು. ಇಲ್ಲಿ ಹಳ್ಳ ಜಲಪಾತಕ್ಕೆ ಕರೆದೊಯ್ಯುತ್ತದೆ. ಕೇರಳ ಗಡಿಯ ಬೆಟ್ಟದಲ್ಲಿ ಆಚೆ ಬದಿಗೆ ಇಳಿದರಂತೂ ಕೇರಳದ ಕಾಡಿನೊಳಗೆ ಹೊಕ್ಕಿರುತ್ತೀರಿ. ಅಲ್ಲಿ ಅನುಮತಿ ಇಲ್ಲದೆ ಸಿಕ್ಕರೆ ಕೇಸು, ಸಿಗದಿದ್ದರೆ ಇನ್ನೂ ಕಷ್ಟ. ಬೆಟ್ಟದ ಮೇಲೆ ಗೆರೆ ಎಳೆದಿರುವುದಿಲ್ಲ, ಮಾರ್ಗದರ್ಶಿ ಬೇಕಾಗುವುದು ಇದಕ್ಕೂ ಹೌದು.

ಮೊಣಕಾಲು ಮೀರಿ ಹರಿಯುವ ತೊರೆ ದಾಟಬೇಡಿ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನದ ಮಳೆಗೆ ಸೊಂಟಕ್ಕೆ ಬರುತ್ತದೆ. ಹೋಗುವಾಗ ದಾಟಿದ ಪ್ರತಿ ತೊರೆಯನ್ನೂ ಬರುವಾಗ ಮತ್ತೆ ದಾಟಬೇಕು ಎಂದು ನೆನಪಿರಲಿ. ಮಿಂಚು ಕಂಡರೆ ನೆತ್ತಿ ಬಿಟ್ಟು ಇಳಿಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ.

ದಾರಿಯಲ್ಲಿ ದೇವರಕಾಡು ಸಿಗಬಹುದು. ಜಿಲ್ಲೆಯಲ್ಲಿ ಇಂಥವು ಸಾವಿರಕ್ಕೂ ಮೇಲೆ ಇವೆ. ಊರವರು ಅನುಮತಿ ಕೊಡದೆ ಒಳಗೆ ಹೋಗಬೇಡಿ, ಎಲೆಯನ್ನೂ ಕೀಳಬೇಡಿ, ಗ್ಲಾಸು ಬಾಟಲಿ ತೆಗೆದು ಕೂರಬೇಡಿ. ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ, ಅಂಗಳವೂ ಹಾಗೇ. ಹೊರಗೆ ನಿಂತು ಕರೆದರೆ ಒಳಗೆ ಕರೆದು ಕಾಫಿ ಕೊಡುವ ಜನ. ಕೇಳದೆ ನುಗ್ಗಿ ಸೆಲ್ಫಿ ತೆಗೆದರೆ ಮಾತು ಬೇರೆಯಾಗುತ್ತದೆ.

ಹೆಜ್ಜೆ 9: ಗುಡ್ಡ ಜರುಗುವ ಗುರುತು

ರಸ್ತೆಯಲ್ಲಿ ಉದ್ದಕ್ಕೆ ಹೊಸ ಬಿರುಕು. ನೆಟ್ಟಗಿದ್ದ ಮರ, ವಿದ್ಯುತ್ ಕಂಬ ಓರೆಯಾಗಿರುವುದು. ತಿಳಿಯಾಗಿದ್ದ ಒರತೆಯಲ್ಲಿ ಕೆಂಪು ನೀರು. ಎಂದೂ ನೀರಿಲ್ಲದ ಕಡೆ ನೀರು ಚಿಮ್ಮುವುದು. ಮನೆಯ ಬಾಗಿಲು ಇದ್ದಕ್ಕಿದ್ದ ಹಾಗೆ ಹಾಕಲು ಬಾರದಿರುವುದು. ಇವುಗಳಲ್ಲಿ ಒಂದು ಕಂಡರೂ ಆ ಜಾಗ ಬಿಡಿ. ಜೋರು ಮಳೆಯಲ್ಲಿ ತುಂಬಿ ಹರಿಯುತ್ತಿದ್ದ ತೊರೆ ದಿಢೀರನೆ ಕಡಿಮೆಯಾದರೆ ಅದು ಎಲ್ಲಕ್ಕಿಂತ ಕೆಟ್ಟ ಗುರುತು. ಮೇಲೆ ಮಣ್ಣು ಬಿದ್ದು ನೀರು ಕಟ್ಟಿಕೊಂಡಿದೆ ಎಂದರ್ಥ.

ಓಡುವುದಾದರೆ ಇಳಿಜಾರಿನ ನೇರಕ್ಕೆ ಕೆಳಗೆ ಓಡಬೇಡಿ. ಮಣ್ಣು ಬರುವ ದಾರಿ ಬಿಟ್ಟು ಪಕ್ಕಕ್ಕೆ, ಗಟ್ಟಿ ದಿಣ್ಣೆಯ ಕಡೆ ಓಡಿ. ರಸ್ತೆಗೆ ಮಣ್ಣು ಬಿದ್ದಿದ್ದರೆ ಅದರ ಮೇಲೆ ಹತ್ತಿಸಿ ದಾಟುವ ಸಾಹಸ ಬೇಡ. ಒಮ್ಮೆ ಜರಿದ ಬರೆ ಮತ್ತೆ ಜರಿಯುತ್ತದೆ. ಗಾಡಿ ತಿರುಗಿಸಿ, ಹಿಂದೆ ಬರುವವರಿಗೂ ಹೇಳಿ.

ರೂಮ್ ಬುಕ್ ಮಾಡುವಾಗಲೂ ಇದೇ ಕಣ್ಣು ಬೇಕು. ಬೆಟ್ಟ ಕತ್ತರಿಸಿದ ಬರೆಗೆ ಬೆನ್ನು ಕೊಟ್ಟು ಕಟ್ಟಿದ, ಕಣಿವೆ ಕಡೆ ಕಂಬದ ಮೇಲೆ ನಿಂತ ಕಟ್ಟಡದ ಫೋಟೊ ಚೆಂದ ಕಾಣುತ್ತದೆ. ಮಳೆಗಾಲದಲ್ಲಿ ನಾನಾದರೆ ಅಲ್ಲಿ ಮಲಗುವುದಿಲ್ಲ.

ಹೆಜ್ಜೆ 10: ಏನಾದರೂ ಆಗಿಯೇಬಿಟ್ಟರೆ

ಪೊಲೀಸ್ ಮತ್ತು ಎಲ್ಲ ತುರ್ತಿಗೆ 112. ಆಂಬುಲೆನ್ಸ್ 108. ಜಿಲ್ಲಾ ವಿಪತ್ತು ಸಹಾಯವಾಣಿ 1077. ಅರಣ್ಯ ಇಲಾಖೆ 1926. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಇದ್ದರೆ 112 ಹೋಗುತ್ತದೆ, ಒತ್ತಿ ನೋಡಿ. ಗಡಿಯಲ್ಲಿ ಕರೆ ಕೇರಳದ ಕಂಟ್ರೋಲ್ ರೂಮಿಗೆ ಹೋಗಬಹುದು. ಆಗ ಮೊದಲು ಜಾಗದ ಹೆಸರು, ಆಮೇಲೆ ಹತ್ತಿರದ ಊರು, ಆಮೇಲೆ ಏನಾಗಿದೆ ಎಂದು ಹೇಳಿ.

ಆಸ್ಪತ್ರೆ ವಿಷಯದಲ್ಲಿ ಹೊರಗಿನವರು ತಪ್ಪುವುದು ಒಂದು ಕಡೆ. ಕೊಡಗಿನಲ್ಲಿ ಇದ್ದೇವೆ, ಹಾಗಾಗಿ ಮಡಿಕೇರಿಗೆ ಹೋಗೋಣ ಎಂದು ಘಾಟಿ ಹತ್ತಲು ಹೊರಡುತ್ತಾರೆ. ಗಾಯ ಆದ ಜಾಗ ಎಲ್ಲಿ ಎಂದು ನೋಡಿ. ಘಾಟಿಯ ಕೆಳಭಾಗದಲ್ಲಿದ್ದರೆ ಕೆಳಗಿನ ಊರೇ ಹತ್ತಿರ. ಸಂಪಾಜೆಯಲ್ಲಿದ್ದರೆ ಸುಳ್ಯ. ಮಾಕುಟ್ಟದಲ್ಲಿದ್ದರೆ ಇರಿಟ್ಟಿ. ಕರಿಕೆಯಲ್ಲಿದ್ದರೆ ಪಾಣತ್ತೂರು ಮೇಲೆ ಕಾಞಂಗಾಡ್ ಅಥವಾ ಸುಳ್ಯ. ಕುಟ್ಟದಲ್ಲಿದ್ದರೆ ಮಾನಂದವಾಡಿ. ಗಡಿಯ ಈ ಕಡೆ ಊರಿನವರೂ ಅಲ್ಲಿಗೇ ಹೋಗುವುದು. ಮೇಲೆ ಇದ್ದರೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆ, ಇಲ್ಲವೇ ವಿರಾಜಪೇಟೆ, ಸೋಮವಾರಪೇಟೆಯ ತಾಲ್ಲೂಕು ಆಸ್ಪತ್ರೆ.

ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಚೀಪಬೇಡಿ, ನಾಟಿ ಮದ್ದಿಗೆ ಹೊತ್ತು ಕಳೆಯಬೇಡಿ. ಉಂಗುರ, ಗಡಿಯಾರ ತೆಗೆದು, ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ಇಟ್ಟು, ಎತ್ತಿಕೊಂಡು ಸಾಗಿಸಿ. ಹಾವನ್ನು ಹಿಡಿದು ತರುವುದು ಬೇಡ. ಸಿಕ್ಕರೆ ದೂರದಿಂದ ಒಂದು ಫೋಟೊ ಸಾಕು. ಇಲ್ಲಿಯ ಕಾಫಿ ತೋಟಗಳಲ್ಲಿ ಗುಳಿ ಮಂಡಲ ಜಾತಿಯ ಹಾವುಗಳಿವೆ. ಅವುಗಳ ವಿಷಕ್ಕೆ ಸಾಮಾನ್ಯ ಪ್ರತಿವಿಷ ಕೆಲಸ ಮಾಡುವುದಿಲ್ಲ. ಫೋಟೊ ಇದ್ದರೆ ವೈದ್ಯರಿಗೆ ಚಿಕಿತ್ಸೆ ತೀರ್ಮಾನಿಸಲು ಅನುಕೂಲ.

ಹೆಜ್ಜೆ 11: ಇಳಿದ ಮೇಲೆ

ಹೋಂಸ್ಟೇಯವರಿಗೆ ಚೀಟಿ ಕೊಟ್ಟು ಬಂದಿದ್ದೀರಲ್ಲ, ತಲುಪಿದ ಕೂಡಲೇ ಒಂದು ಫೋನ್ ಮಾಡಿ. ಮರೆತು ನೇರ ಬೆಂಗಳೂರಿಗೆ ಹೊರಟುಬಿಟ್ಟರೆ ಇಲ್ಲಿ ನಾಲ್ಕು ಜನ ಜೀಪ್ ತೆಗೆದುಕೊಂಡು ಕತ್ತಲೆಯಲ್ಲಿ ನಿಮ್ಮನ್ನು ಹುಡುಕಲು ಹೋಗಿರುತ್ತಾರೆ.

ಸ್ನಾನ ಮಾಡುವಾಗ ಕಂಕುಳು, ತೊಡೆಸಂದು, ಕಿವಿಯ ಹಿಂದೆ ಉಣ್ಣೆ ಹುಳ ಹತ್ತಿದೆಯೇ ನೋಡಿ. ಪ್ರವಾಹದ ನೀರಲ್ಲಿ, ಗದ್ದೆಯ ಕೆಸರಲ್ಲಿ ನಡೆದಿದ್ದು ಎರಡು ವಾರದೊಳಗೆ ಜ್ವರ, ಮೈಕೈ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿ ಜ್ವರ ಇರಬಹುದು. ಮಾತ್ರೆ ನುಂಗಿ ಸುಮ್ಮನಾಗದೆ ವೈದ್ಯರ ಹತ್ತಿರ ಹೋಗಿ. ಕೊಡಗಿನ ಕಾಡಂಚಿಗೆ ಹೋಗಿದ್ದೆ, ನೀರಲ್ಲಿ ಇಳಿದಿದ್ದೆ ಎಂದು ನೀವೇ ಮೊದಲು ಹೇಳಿ. ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ.